ಸಂಕ್ರಾಂತಿಯ ನೋಟಿಸಿನಲ್ಲಿ ಏನೆಂದು ಬರೆಯಲಿ?

ಪ್ರಶ್ನೆ: ಬೆಂಗಳೂರಿನ ಅಪಾರ್ಟ್‌ಮೆಂಟೊಂದರ ಸಾಂಸ್ಕೃತಿಕ ಸಮಿತಿಯಿಂದ

ಎಲ್ಲರಿಗೂ ನಮಸ್ಕಾರ. ನೂರ ಅರವತ್ತು ಮನೆಗಳಿರುವ ನಮ್ಮ ಅಪಾರ್ಟ್‌ಮೆಂಟಿನ ಸಾಂಸ್ಕೃತಿಕ ಸಮಿತಿಯ ಕೆಲಸ ಈ ವರ್ಷ ನನ್ನ ಹೆಗಲಿಗೆ ಬಿದ್ದಿದೆ. ಪ್ರತಿ ಜನವರಿಯಲ್ಲಿ ಕ್ಲಬ್‌ಹೌಸಿನ ಮುಂದಿನ ಅಂಗಳದಲ್ಲಿ ಸಂಕ್ರಾಂತಿ ಮಾಡುವುದು ಇಲ್ಲಿಯ ರೂಢಿ. ಬೆಳಿಗ್ಗೆ ಪುರೋಹಿತರು ಬಂದು ಸೂರ್ಯನ ಪೂಜೆ ಮಾಡಿಸುತ್ತಾರೆ, ಮೂರು ಕಲ್ಲು ಹೂಡಿದ ಒಲೆಯ ಮೇಲೆ ಹುಗ್ಗಿ ಉಕ್ಕುತ್ತದೆ, ಸಂಜೆ ಹೆಂಗಸರು ಮನೆಮನೆಗೆ ಎಳ್ಳು ಬೀರುತ್ತಾರೆ, ಪುಟ್ಟ ಮಕ್ಕಳನ್ನು ಹಸೆಯ ಮೇಲೆ ಕೂರಿಸಿ ತಲೆಯ ಮೇಲೆ ಎಲಚಿಹಣ್ಣು, ಕಬ್ಬಿನ ಚೂರು, ಚಿಲ್ಲರೆ ಕಾಸು ಎರೆಯುತ್ತಾರೆ. ಇದಕ್ಕೆಲ್ಲ ಖರ್ಚಾಗುವುದು ಎಲ್ಲರೂ ಕಟ್ಟುವ ಮೇಂಟೆನೆನ್ಸ್ ಹಣ.

ಈ ಬಾರಿ ಒಂದು ಮನೆಯವರು ಸಮಿತಿಗೆ ಪತ್ರ ಬರೆದಿದ್ದಾರೆ. ತಮಗೆ ಹಬ್ಬದ ಮೇಲೆ ಆಕ್ಷೇಪವಿಲ್ಲವೆಂದೂ ತಾವು ಕೊಟ್ಟ ಹಣದಲ್ಲಿ ಪೂಜೆ ನಡೆಯುವುದು ಮಾತ್ರ ಸರಿಯಲ್ಲವೆಂದೂ ಅವರ ಮಾತು ಬಹಳ ಮರ್ಯಾದೆಯಿಂದಲೇ ಇದೆ. ಅದನ್ನು ಸಭೆಯಲ್ಲಿ ಓದಿದ ಕೂಡಲೇ ಎರಡು ಪಕ್ಷಗಳಾದವು. ‘ಸುಗ್ಗಿ ಹಬ್ಬ’ ಎಂದು ಹೆಸರಿಡೋಣ, ಪುರೋಹಿತರನ್ನು ಬಿಡೋಣ, ಹುಗ್ಗಿ, ಎಳ್ಳು, ರಂಗೋಲಿ ಸ್ಪರ್ಧೆ ಉಳಿಸಿಕೊಳ್ಳೋಣ, ಆಗ ಯಾವ ಧರ್ಮದವರೂ ಬರಬಹುದು ಎಂದು ಒಂದು ಪಕ್ಷ. ಪೂಜೆಯಿಲ್ಲದ ಸಂಕ್ರಾಂತಿ ಎಂದರೆ ತಿಂಡಿ ಮೇಳ, ಅದಕ್ಕೆ ಜನವರಿಯವರೆಗೆ ಏಕೆ ಕಾಯಬೇಕು ಎಂದು ಇನ್ನೊಂದು ಪಕ್ಷ. ನಾನು ನೋಟಿಸಿನ ಮೂರು ಕರಡುಗಳನ್ನು ಬರೆದು ಮೂರನ್ನೂ ಹರಿದು ಹಾಕಿದ್ದೇನೆ.

ನನ್ನ ನಿಜವಾದ ಪ್ರಶ್ನೆ ನೋಟಿಸಿಗಿಂತ ಸ್ವಲ್ಪ ದೊಡ್ಡದು. ಈ ಹಬ್ಬ ಮೂಲದಲ್ಲಿ ಸುಗ್ಗಿಯದೋ ದೇವರದೋ? ಸುಗ್ಗಿಯ ಮೇಲೆ ಪೂಜೆ ಆಮೇಲೆ ಬಂದು ಕೂತಿದ್ದರೆ ಪೂಜೆಯನ್ನು ತೆಗೆದರೂ ಹಬ್ಬ ಉಳಿಯಬೇಕು. ಪೂಜೆಯೇ ಮೂಲವಾಗಿದ್ದರೆ ‘ಸುಗ್ಗಿ ಹಬ್ಬ’ ಎಂಬ ಹೆಸರು ನಾವು ನಮಗೇ ಹೇಳಿಕೊಳ್ಳುವ ಸಮಾಧಾನವಾಗುತ್ತದೆ. ತಿಳಿದವರು ಹೇಳಬೇಕು. ಬೈಗುಳ ಬೇಡ, ನಮ್ಮ ವಾಟ್ಸಾಪ್ ಗುಂಪಿನಲ್ಲಿ ಅದು ಬೇಕಾದಷ್ಟಿದೆ.

ಉತ್ತರ 1: ಬಸವನಗುಡಿಯ ಹವ್ಯಾಸಿ ಖಗೋಳ ವೀಕ್ಷಕರಿಂದ

ದೇವರದೋ ಸುಗ್ಗಿಯದೋ ಎಂದು ಕೇಳುವ ಮೊದಲು ಈ ಹಬ್ಬದ ದಿನವನ್ನು ಯಾರು ಗೊತ್ತುಪಡಿಸುತ್ತಾರೆ ಎಂದು ನೋಡಬೇಕು. ನಮ್ಮ ಹೆಚ್ಚಿನ ಹಬ್ಬಗಳು ಚಂದ್ರನ ತಿಥಿಯನ್ನು ಹಿಡಿದು ನಡೆಯುವುದರಿಂದ ಇಂಗ್ಲಿಷ್ ತಾರೀಖಿನಲ್ಲಿ ಹಿಂದೆ ಮುಂದೆ ಓಡಾಡುತ್ತವೆ. ಸಂಕ್ರಾಂತಿ ಹಾಗಲ್ಲ. ಸೂರ್ಯ ನಿರಯನ ಲೆಕ್ಕದಲ್ಲಿ, ಎಂದರೆ ನಕ್ಷತ್ರಗಳನ್ನು ಹಿಡಿದ ಲೆಕ್ಕದಲ್ಲಿ, ಮಕರ ರಾಶಿಯನ್ನು ಹೊಗುವ ಗಳಿಗೆಯೇ ಅದರ ಆಧಾರವಾದ್ದರಿಂದ ಅದು ಈಗ ಜನವರಿ 14 ಅಥವಾ 15ರಂದು ಬೀಳುತ್ತದೆ. ಆ ಗಳಿಗೆ ಭತ್ತ ಕೊಯ್ಲಾಯಿತೇ ಎಂದು ಕೇಳುವುದಿಲ್ಲ, ದೇವಸ್ಥಾನದ ಬಾಗಿಲು ತೆರೆಯಿತೇ ಎಂದೂ ಕೇಳುವುದಿಲ್ಲ.

‘ಇಂದಿನಿಂದ ಉತ್ತರಾಯಣ’ ಎಂದು ಸಂಕ್ರಾಂತಿಯ ದಿನ ಪುರೋಹಿತರು ಸಂಕಲ್ಪದಲ್ಲಿ ಹೇಳುತ್ತಾರೆ, ಪತ್ರಿಕೆಗಳೂ ಬರೆಯುತ್ತವೆ. ಆಕಾಶದಲ್ಲಿ ಸೂರ್ಯ ಉತ್ತರಕ್ಕೆ ತಿರುಗುವುದು ಡಿಸೆಂಬರ್ 21 ಅಥವಾ 22ರಂದು. ಭೂಮಿಯ ಅಕ್ಷ ಬುಗುರಿಯಂತೆ ನಿಧಾನವಾಗಿ ತೂಗುವುದರಿಂದ ನಕ್ಷತ್ರಗಳನ್ನು ಆಧರಿಸಿದ ನಿರಯನ ವರ್ಷ ಋತುಗಳ ವರ್ಷಕ್ಕಿಂತ ಇಪ್ಪತ್ತು ನಿಮಿಷದಷ್ಟು ಉದ್ದ. ಈ ಇಪ್ಪತ್ತು ನಿಮಿಷ ಕೂಡುತ್ತಾ ಹೋಗಿ ಸುಮಾರು 72 ವರ್ಷಕ್ಕೆ ಒಂದು ದಿನವಾಗುತ್ತದೆ. ಹಾಗೆ ನೋಡಿದರೆ ಸಂಕ್ರಾಂತಿಯೂ ನಿಜವಾದ ಉತ್ತರಾಯಣವೂ ಒಂದೇ ದಿನ ಬೀಳುತ್ತಿದ್ದುದು ಸುಮಾರು 1,700 ವರ್ಷಗಳ ಹಿಂದೆ. ಸ್ವಾಮಿ ವಿವೇಕಾನಂದರು ಹುಟ್ಟಿದ್ದು 1863ರ ಜನವರಿ 12ರಂದು, ಅಂದು ಮಕರ ಸಂಕ್ರಾಂತಿಯಾಗಿತ್ತು. ಅವರ ಜಯಂತಿ 12ಕ್ಕೇ ನಿಂತಿದೆ, ಹಬ್ಬ ಮುಂದಕ್ಕೆ ಸರಿದಿದೆ.

1952ರಲ್ಲಿ ಮೇಘನಾದ ಸಹಾ ಅವರ ಅಧ್ಯಕ್ಷತೆಯಲ್ಲಿ ಭಾರತ ಸರ್ಕಾರ ಪಂಚಾಂಗ ಸುಧಾರಣಾ ಸಮಿತಿಯೊಂದನ್ನು ನೇಮಿಸಿತ್ತು. ಅದರ ಶಿಫಾರಸಿನಂತೆ 1957ರ ಮಾರ್ಚ್ 22ರಿಂದ ಋತುಗಳಿಗೆ ಹೊಂದುವ ರಾಷ್ಟ್ರೀಯ ಪಂಚಾಂಗ ಜಾರಿಗೆ ಬಂದಿತು. ಆಕಾಶವಾಣಿಯಲ್ಲಿ ಅದರ ತಾರೀಖು ಕೇಳಿಬರುತ್ತಿತ್ತು, ಸರ್ಕಾರಿ ರಾಜಪತ್ರದಲ್ಲಿ ಇಂದಿಗೂ ಅಚ್ಚಾಗುತ್ತದೆ. ಅದನ್ನು ನೋಡಿ ಹಬ್ಬ ಮಾಡಿದ ಮನೆಯನ್ನು ಮಾತ್ರ ನಾನು ಕಂಡಿಲ್ಲ. ಹಬ್ಬಗಳು ಹಳೆಯ ನಿರಯನ ಲೆಕ್ಕದಲ್ಲೇ ಉಳಿದವು.

ಕೊನೆಗೆ ನಮ್ಮ ನೆರೆಯ ಗವಿಪುರದ ಮಾತು. ಸಂಕ್ರಾಂತಿಯ ಸಂಜೆ ಗವಿ ಗಂಗಾಧರೇಶ್ವರನ ಗುಡಿಯಲ್ಲಿ ಸೂರ್ಯನ ಬೆಳಕು ನಂದಿಯ ಕೊಂಬುಗಳ ನಡುವೆ ಹಾದು ಲಿಂಗದ ಮೇಲೆ ಬೀಳುವುದನ್ನು ನೋಡಲು ಸೇರುವ ಜನವನ್ನು ನೀವು ಕಂಡಿರಬಹುದು. ಸಂಕ್ರಾಂತಿ ಡಿಸೆಂಬರಿನ ಅಯನ ಬಿಂದುವಿನಿಂದ, ಎಂದರೆ ಸೂರ್ಯ ಉತ್ತರಕ್ಕೆ ತಿರುಗುವ ದಿನದಿಂದ, ಇಪ್ಪತ್ತನಾಲ್ಕು ದಿನ ಈಚೆಗಿದ್ದರೆ ಅಷ್ಟೇ ದಿನ ಆಚೆಗೆ, ಎಂದರೆ ನವೆಂಬರಿನ ಕೊನೆಯ ವಾರದಲ್ಲಿ, ಸೂರ್ಯ ಅದೇ ಎತ್ತರದಲ್ಲಿ ಅದೇ ದಾರಿಯಲ್ಲಿ ಇಳಿಯುತ್ತಾನೆ. ಬೆಳಕು ಆಗಲೂ ಒಳಗೆ ಬರುತ್ತದೆ, ಸಾಲುಗಟ್ಟಿದ ಜನ ಇರುವುದಿಲ್ಲ. ಖಗೋಳಕ್ಕೆ ಎರಡೂ ಒಂದೇ, ಒಂದನ್ನು ಹಬ್ಬ ಮಾಡಿದ್ದು ಪಂಚಾಂಗ. ಪಂಚಾಂಗವನ್ನು ಧರ್ಮದ ಕಪಾಟಿನಲ್ಲಿಡಬೇಕೋ ಗಣಿತದ ಕಪಾಟಿನಲ್ಲಿಡಬೇಕೋ ನೀವೇ ಹೇಳಿ.

ಉತ್ತರ 2: ಮದ್ದೂರು ತಾಲ್ಲೂಕಿನ ರೈತರಿಂದ

ಮೇಲೆ ಬರೆದವರ ಲೆಕ್ಕವನ್ನು ಒಪ್ಪುತ್ತೇನೆ, ಆದರೆ ಲೆಕ್ಕದಿಂದ ಹೊಟ್ಟೆ ತುಂಬುವುದಿಲ್ಲ. ನಮ್ಮ ಭಾಗಕ್ಕೆ ಕನ್ನಂಬಾಡಿಯ ನೀರು ವಿಶ್ವೇಶ್ವರಯ್ಯ ನಾಲೆಯಲ್ಲಿ ಬರುತ್ತದೆ. ಶ್ರಾವಣದ ಹೊತ್ತಿಗೆ ನಾಟಿ ಮಾಡಿದ ಭತ್ತ ಮಾರ್ಗಶಿರ ಪುಷ್ಯದಲ್ಲಿ ಕೊಯ್ಲಿಗೆ ಬರುತ್ತದೆ, ರಾಗಿಯ ಒಕ್ಕಣೆಯೂ ಆಗಲೇ, ಅವರೆ ಸೊನೆಗಟ್ಟುವುದೂ ಆಗಲೇ, ಆಲೆಮನೆಯ ಒಲೆ ಉರಿಯುವುದೂ ಆಗಲೇ. ಕೈಯಲ್ಲಿ ಕಾಸು, ಮನೆಯಲ್ಲಿ ಕಾಳು, ಮೈಗೆ ಬಿಡುವು ಮೂರೂ ಒಟ್ಟಿಗೆ ಸಿಗುವ ಒಂದೇ ಕಾಲ ಅದು. ಆದ್ದರಿಂದ ನಮಗೆ ಸಂಕ್ರಾಂತಿ ಸುಗ್ಗಿ ಹಬ್ಬವೇ, ಅದನ್ನು ಯಾರೂ ಕಲಿಸಬೇಕಾಗಿಲ್ಲ.

ಹಾಗೆಂದು ಸುಗ್ಗಿಯಲ್ಲಿ ದೇವರಿರಲಿಲ್ಲ, ಪುರೋಹಿತರು ಆಮೇಲೆ ತಂದು ಕೂರಿಸಿದರು ಎಂದು ನೀವು ತಿಳಿದಿದ್ದರೆ ನಮ್ಮ ತಾತನ ಕಾಲದ ಕಣವನ್ನು ನೋಡಬೇಕಿತ್ತು. ಹೊಲದ ಮೂಲೆಯಲ್ಲಿ ನೆಲ ಕೆತ್ತಿ, ನೀರು ಹೊಡೆದು, ಸಗಣಿಯಲ್ಲಿ ಸಾರಿಸಿ, ನಡುವೆ ಮೇಟಿ ಕಂಬ ನೆಟ್ಟು ಕಣ ಮಾಡುತ್ತಿದ್ದರು. ಮೆಟ್ಟು ಹಾಕಿಕೊಂಡು ಯಾರೂ ಕಣಕ್ಕೆ ಕಾಲಿಡುವಂತಿರಲಿಲ್ಲ. ರೋಣಗಲ್ಲು ಉರುಳಿಸಿ, ತೂರಿ, ಕಾಳನ್ನು ರಾಶಿ ಮಾಡಿದ ಮೇಲೆ ರಾಶಿಯ ನೆತ್ತಿಯಲ್ಲಿ ಸಗಣಿಯ ಬೆನಕನನ್ನಿಟ್ಟು ಗರಿಕೆ ಸಿಕ್ಕಿಸಿ ಪೂಜೆ ಮಾಡುತ್ತಿದ್ದವರು ತಾತನೇ. ಮಂತ್ರವಿಲ್ಲ, ಪುರೋಹಿತರಿಲ್ಲ, ತೆಂಗಿನಕಾಯಿ ಒಂದು, ಕರ್ಪೂರ ಒಂದು. ಅಳೆಯುವಾಗ ಮೊದಲ ಕೊಳಗಕ್ಕೆ ‘ಒಂದು’ ಎನ್ನುತ್ತಿರಲಿಲ್ಲ, ‘ಲಾಭ’ ಎನ್ನುತ್ತಿದ್ದರು. ಲಾಭ, ಎರಡು, ಮೂರು ಎಂದು ಎಣಿಕೆ ಸಾಗುತ್ತಿತ್ತು. ಮನೆಗೆ ಸಾಗಿಸುವ ಮೊದಲು ವರ್ಷವಿಡೀ ಊರಿನ ಕೆಲಸ ಮಾಡಿಕೊಡುವ ಆಯಗಾರರಿಗೆ ಅವರವರ ಪಾಲನ್ನು ಕಣದಲ್ಲೇ ಅಳೆದು ಕೊಡಬೇಕಿತ್ತು. ಇದರಲ್ಲಿ ಯಾವುದು ವ್ಯವಸಾಯ, ಯಾವುದು ಪೂಜೆ, ಯಾವುದು ಲೆಕ್ಕಪತ್ರ ಎಂದು ನೀವು ಬೇರೆ ಮಾಡಿ ತೋರಿಸಿದರೆ ನಾನು ಕಲಿಯಲು ಸಿದ್ಧ.

ಸಂಜೆಯ ಕಿಚ್ಚು ಹಾಯಿಸುವುದೂ ಹಾಗೆಯೇ. ದನಗಳ ಮೈ ತೊಳೆದು, ಕೊಂಬು ಹೆರೆದು ಬಣ್ಣ ಬಳಿದು, ಕೊರಳಿಗೆ ಗಂಟೆ ಕಟ್ಟಿ, ಊರ ಮುಂದಿನ ರಸ್ತೆಗೆ ಅಡ್ಡಲಾಗಿ ಹುಲ್ಲು ಹರವಿ ಬೆಂಕಿ ಹಚ್ಚುತ್ತೇವೆ. ಹಗ್ಗ ಹಿಡಿದವನು ದನಕ್ಕಿಂತ ಮೊದಲು ಹಾರಬೇಕು, ಇಲ್ಲವಾದರೆ ಅದು ಅವನನ್ನು ಎಳೆದುಕೊಂಡು ಹೋಗುತ್ತದೆ. ಮೈಮೇಲಿನ ಉಣ್ಣೆ ಉದುರುತ್ತದೆ ಎಂದು ಒಬ್ಬರು, ಪೀಡೆ ಹೋಗುತ್ತದೆ ಎಂದು ಇನ್ನೊಬ್ಬರು ಹೇಳುತ್ತಾರೆ. ಹೇಳುವವರಿಬ್ಬರೂ ಒಂದೇ ಮನೆಯವರಾಗಿರುವುದುಂಟು. ಈಗ ಕೊಯ್ಲಿಗೆ ಯಂತ್ರ ಬರುತ್ತದೆ, ಹುಲ್ಲು ಚೂರಾಗಿ ಗದ್ದೆಯಲ್ಲೇ ಉಳಿಯುತ್ತದೆ, ಕಣವಿಲ್ಲ, ಮೇಟಿಯಿಲ್ಲ, ದನವಿರುವ ಮನೆಗಳೂ ಕಡಿಮೆ. ಕಳೆದ ಸಲ ನಮ್ಮೂರಿನಲ್ಲಿ ಕಿಚ್ಚು ಹಾದದ್ದು ಹನ್ನೊಂದು ದನಗಳು, ಮೊಬೈಲ್ ಹಿಡಿದು ನಿಂತವರು ಇನ್ನೂರು ಜನ.

ಆದ್ದರಿಂದ ಅಪಾರ್ಟ್‌ಮೆಂಟಿನವರಲ್ಲಿ ಒಂದು ಮಾತು. ಪುರೋಹಿತರನ್ನು ಕರೆಯುವುದು ಬಿಡುವುದು ನಿಮ್ಮ ಇಚ್ಛೆ. ‘ಸುಗ್ಗಿ ಹಬ್ಬ’ ಎಂದು ಫ್ಲೆಕ್ಸ್ ಹಾಕಿ, ಸೋಗೆಯ ಗುಡಿಸಲು ಕಟ್ಟಿ, ಬಾಡಿಗೆಗೆ ತಂದ ಎತ್ತಿನ ಗಾಡಿಯ ಪಕ್ಕದಲ್ಲಿ ಫೋಟೋ ತೆಗೆಸಿಕೊಳ್ಳುವುದು ಸೂರ್ಯನಿಗೆ ಕೈ ಮುಗಿಯುವುದಕ್ಕಿಂತ ಹೆಚ್ಚು ಎಲ್ಲರದ್ದು ಎಂದು ಮಾತ್ರ ಹೇಳಬೇಡಿ. ನೂರ ಅರವತ್ತು ಮನೆಗಳಲ್ಲಿ ಈ ವರ್ಷ ಏನಾದರೂ ಕೊಯ್ದವರು ಎಷ್ಟು ಜನ? ಕಿಚ್ಚು ನೋಡಬೇಕೆನಿಸಿದರೆ ನಮ್ಮೂರಿಗೆ ಬನ್ನಿ, ಇನ್ನೂರೊಂದನೆಯ ಫೋಟೋ ತೆಗೆದರೂ ಬೇಸರವಿಲ್ಲ.

ಉತ್ತರ 3: ಉಡುಪಿಯಿಂದ

ಮದ್ದೂರಿನವರ ಮಾತಿಗೆ ನಮ್ಮ ಕರಾವಳಿಯಿಂದ ಒಂದು ತಿದ್ದುಪಡಿ. ಇಲ್ಲಿ ಮುಂಗಾರಿನ ಭತ್ತ ಸೆಪ್ಟೆಂಬರ್, ಅಕ್ಟೋಬರ್ ವೇಳೆಗೆ ಕೊಯ್ಲಾಗುತ್ತದೆ. ಮನೆಗೆ ತೆನೆ ತಂದು ಕಟ್ಟುವುದು, ಹೊಸ ಅಕ್ಕಿ ಊಟ ಮಾಡುವುದು ನವರಾತ್ರಿಯ ಆಸುಪಾಸಿನಲ್ಲಿ ಮುಗಿದಿರುತ್ತದೆ. ಕೊಡಗಿನವರ ಸುಗ್ಗಿ ಹಬ್ಬವಾದ ಪುತ್ತರಿ ನವೆಂಬರ್ ಕೊನೆಗೋ ಡಿಸೆಂಬರಿಗೋ ಬರುತ್ತದೆ. ಬೆಳೆಯನ್ನು ಹಿಡಿದ ಹಬ್ಬಗಳು ಬೆಳೆ ಬಂದಾಗ ಬರುತ್ತವೆ, ಸಂಕ್ರಾಂತಿ ಮಾತ್ರ ಎಲ್ಲೆಡೆ ಒಂದೇ ದಿನ. ಅದು ಹಳೆ ಮೈಸೂರಿನ ಸುಗ್ಗಿಯ ಜೊತೆಗೆ ಕೂಡಿಕೊಂಡಿದೆ, ನಮ್ಮ ಸುಗ್ಗಿಯ ಜೊತೆಗೆ ಕೂಡಿಕೊಳ್ಳಲಿಲ್ಲ.

ಹಾಗಾದರೆ ಇಲ್ಲಿ ಸಂಕ್ರಾಂತಿ ಎಂದರೆ ಏನು? ರಥಬೀದಿಯಲ್ಲಿ ಮೂರು ತೇರು. ಹದಿಮೂರನೆಯ ಶತಮಾನದಲ್ಲಿ ಮಧ್ವಾಚಾರ್ಯರು ಕೃಷ್ಣನನ್ನು ಪ್ರತಿಷ್ಠಾಪಿಸಿದ್ದು ಮಕರ ಸಂಕ್ರಾಂತಿಯಂದು ಎಂಬ ನೆನಪಿನಲ್ಲಿ ಆ ರಾತ್ರಿ ಮೂರು ರಥಗಳು ಎಳೆಯಲ್ಪಡುತ್ತವೆ. ಎರಡು ವರ್ಷಕ್ಕೊಮ್ಮೆ ಅದರ ಹಿಂದೆಯೇ ಕೃಷ್ಣನ ಪೂಜೆಯ ಹೊಣೆ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವ ಜನವರಿ 18ರ ಪರ್ಯಾಯ ಬರುತ್ತದೆ. ನನ್ನ ಬಾಲ್ಯದ ಸಂಕ್ರಾಂತಿಯಲ್ಲಿ ಎಳ್ಳು ಬೀರುವುದಾಗಲಿ ಕಿಚ್ಚಾಗಲಿ ಇರಲಿಲ್ಲ, ಅವುಗಳನ್ನು ಕಂಡದ್ದು ಬೆಂಗಳೂರಿಗೆ ಕೆಲಸಕ್ಕೆ ಬಂದ ಮೇಲೆ. ‘ಧರ್ಮವನ್ನು ತೆಗೆದು ಸುಗ್ಗಿಯನ್ನು ಉಳಿಸಿ’ ಎಂದು ನಮ್ಮ ಕಡೆ ಹೇಳಿದರೆ ಉಳಿಯುವುದು ಸರ್ಕಾರಿ ರಜೆ ಮಾತ್ರ.

ಉತ್ತರ 4: ಧಾರವಾಡದ ನಿವೃತ್ತ ಶಿಕ್ಷಕಿಯಿಂದ

ನನ್ನ ತವರು ವಿಜಯಪುರ. ಅಲ್ಲಿ ಇದು ಸಂಕ್ರಮಣ. ಸಿದ್ಧೇಶ್ವರ ಜಾತ್ರೆಯೂ ದನಗಳ ಸಂತೆಯೂ ಒಟ್ಟಿಗೇ ನಡೆಯುವುದರಿಂದ ಗುಡಿಗೆ ಬಂದವನು ಎತ್ತು ಕೊಳ್ಳುತ್ತಾನೆ, ಎತ್ತು ಮಾರಲು ಬಂದವನು ಕಾಯಿ ಒಡೆಸುತ್ತಾನೆ. ಗಡಿಯಾಚೆಯ ಸೊಲ್ಲಾಪುರದಲ್ಲಿ ಅದೇ ದಿನಗಳಲ್ಲಿ ಶಿವಯೋಗಿ ಸಿದ್ಧರಾಮೇಶ್ವರರ ಜಾತ್ರೆ. ಎತ್ತರದ ನಂದಿಧ್ವಜಗಳನ್ನು ಸೊಂಟಕ್ಕೆ ಆನಿಸಿಕೊಂಡು ಹೊತ್ತು ಸಾಗುವವರಲ್ಲಿ ಕನ್ನಡ ಮನೆಮಾತಿನವರು ಬಹಳ ಮಂದಿ. ಹಿಂದಿನ ದಿನ ಭೋಗಿಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಬದನೆಕಾಯಿ, ಕಾಳಿನ ಪಲ್ಯ. ಮರುದಿನ ಬುತ್ತಿ ಕಟ್ಟಿಕೊಂಡು ಹೊಳೆಗೆ ಹೋಗಿ, ಮಿಂದು, ದಂಡೆಯ ಮೇಲೆ ಉಂಡು ಬರುವುದು. ಕೃಷ್ಣೆ ಮಲಪ್ರಭೆಯರು ಸೇರುವ ಕೂಡಲಸಂಗಮದಲ್ಲಿ ಆ ದಿನ ಕಾಲಿಡಲು ಜಾಗವಿರುವುದಿಲ್ಲ. ಅದನ್ನು ಪುಣ್ಯಸ್ನಾನವೆಂದರೂ ಸರಿ, ಚಳಿಗಾಲದ ವನಭೋಜನವೆಂದರೂ ಸರಿ.

ಆದರೆ ನಾನು ಹೇಳಬೇಕಾದ ವಿಷಯ ಬೇರೆ. ನೀವೆಲ್ಲ ಬೆಳಗಿನ ಪೂಜೆಯ ಕುರಿತು ವಾದಿಸುತ್ತಿದ್ದೀರಿ, ಸಂಜೆ ಎಳ್ಳು ಬೀರುವುದನ್ನು ಎಲ್ಲರಿಗೂ ಸೇರಿದ್ದು ಎಂದು ಮೊದಲೇ ಒಪ್ಪಿಕೊಂಡಿದ್ದೀರಿ. ನನ್ನ ತಂದೆ ತೀರಿಕೊಂಡಾಗ ತಾಯಿಗೆ ನಲವತ್ತೊಂದು ವರ್ಷ. ಮುಂದಿನ ಸಂಕ್ರಮಣದಂದು ನಮ್ಮ ಓಣಿಯ ಹೆಂಗಸರು ಕುಸುರೆಳ್ಳಿನ ತಟ್ಟೆ ಹಿಡಿದು ಬಂದರು, ಬಾಗಿಲಲ್ಲಿ ನಿಂತು ನನ್ನ ಕೈಗೆ ಎಳ್ಳು ಕೊಟ್ಟು, ಹಣೆಗೆ ಕುಂಕುಮ ಹಚ್ಚಿ ಹೋದರು. ಅವ್ವ ಅಡುಗೆಮನೆಯಿಂದ ಹೊರಗೆ ಬರಲಿಲ್ಲ. ಬಂದವರಲ್ಲಿ ಕೆಟ್ಟವರು ಯಾರೂ ಇರಲಿಲ್ಲ. ತಟ್ಟೆಯಲ್ಲಿ ಎಳ್ಳಿನ ಪಕ್ಕದಲ್ಲಿ ಅರಿಶಿನ ಕುಂಕುಮದ ಬಟ್ಟಲುಗಳಿದ್ದವು, ಆ ಬಟ್ಟಲುಗಳಿಗೆ ಅವ್ವ ಸಲ್ಲುತ್ತಿರಲಿಲ್ಲ, ಅಷ್ಟೇ. ‘ಎಳ್ಳು ಬೆಲ್ಲ ತೊಗೊಂಡು ಎಳ್ಳು ಬೆಲ್ಲದ್ಹಾಂಗ ಇರೋಣು’ ಎಂಬ ಮಾತನ್ನು ಅಂದು ನನಗೆ ಹೇಳಿದರು, ಅವ್ವನಿಗೆ ಹೇಳಲಿಲ್ಲ.

ಸೂರ್ಯನ ಪೂಜೆಗೆ ಯಾರು ಬೇಕಾದರೂ ನಿಲ್ಲಬಹುದಿತ್ತು, ಅದರಲ್ಲಿ ಮುತ್ತೈದೆ ವಿಧವೆ ಎಂಬ ಭೇದ ಕಾಣುತ್ತಿರಲಿಲ್ಲ. ಮನುಷ್ಯರನ್ನು ಒಳಗೆ ಹೊರಗೆ ಮಾಡಿದ್ದು ನೀವು ಇಂದು ಮತಾತೀತವೆಂದು ಉಳಿಸಿಕೊಳ್ಳಲು ಹೊರಟಿರುವ ಭಾಗ. ನಿಮ್ಮ ಅಪಾರ್ಟ್‌ಮೆಂಟಿನಲ್ಲಿಯೂ ಸಂಜೆಯ ಹೊತ್ತು ಬಾಗಿಲು ಹಾಕಿಕೊಂಡು ಒಳಗೆ ಕೂರುವ ಒಬ್ಬಿಬ್ಬರು ಇದ್ದೇ ಇರುತ್ತಾರೆ, ಅವರು ಸಮಿತಿಗೆ ಪತ್ರ ಬರೆಯುವವರಲ್ಲ. ಎಳ್ಳಿನ ತಟ್ಟೆಯನ್ನೂ ಕುಂಕುಮದ ಬಟ್ಟಲನ್ನೂ ಬೇರೆ ಮಾಡಿ. ಎಳ್ಳನ್ನು ಗಂಡಸರೂ ಬೀರಲಿ. ಪುರೋಹಿತರ ಪ್ರಶ್ನೆಯನ್ನು ಅದಾದ ಮೇಲೆ ನೋಡಿಕೊಳ್ಳಬಹುದು.

ಉತ್ತರ 5: ಮಂಗಳೂರು ಮೂಲದ, ಈಗ ಬೆಂಗಳೂರಿನಲ್ಲಿರುವ ಕ್ರೈಸ್ತ ಗೃಹಸ್ಥರಿಂದ

ಪ್ರಶ್ನೆ ಕೇಳಿದವರು ‘ಯಾವ ಧರ್ಮದವರೂ ಬರಬಹುದು’ ಎಂದು ಬರೆದಿರುವುದು ನಮ್ಮಂಥವರನ್ನು ನೆನೆದು ಎಂದು ಭಾವಿಸಿ ಉತ್ತರಿಸುತ್ತಿದ್ದೇನೆ. ನಾವು ಇಪ್ಪತ್ತು ವರ್ಷದಿಂದ ನೆರೆಯವರ ಎಳ್ಳು ತಿನ್ನುತ್ತಿದ್ದೇವೆ. ಸಕ್ಕರೆ ಅಚ್ಚಿನಲ್ಲಿ ನನ್ನ ಮಗಳಿಗೆ ಆನೆಯೇ ಬೇಕು, ಅದಕ್ಕಾಗಿ ಪಕ್ಕದ ಮನೆಯ ಅಜ್ಜಿ ಒಂದು ಆನೆಯನ್ನು ತೆಗೆದಿರಿಸಿರುತ್ತಾರೆ. ಪೂಜೆ ನಡೆಯುವಾಗ ನಾವು ಹೋಗುವುದಿಲ್ಲ, ಮುಗಿದ ಮೇಲೆ ಹುಗ್ಗಿಗೆ ಹೋಗುತ್ತೇವೆ. ಇದರಿಂದ ಅವರಿಗೂ ನಮಗೂ ಇದುವರೆಗೆ ಯಾವ ಕೊರತೆಯೂ ಆಗಿಲ್ಲ.

ಈಗ ಡಿಸೆಂಬರಿನ ಕಥೆ ಕೇಳಿ. ನಾವಿರುವ ಕಡೆಯೂ ಒಂದು ಸಾಂಸ್ಕೃತಿಕ ಸಮಿತಿ ಇದೆ. ಡಿಸೆಂಬರ್ ಇಪ್ಪತ್ತರ ಹೊತ್ತಿಗೆ ಲಾಬಿಯಲ್ಲಿ ಪ್ಲಾಸ್ಟಿಕ್ ಮರ ನಿಲ್ಲುತ್ತದೆ, ಬೆಂಗಳೂರಿನ ಆ ಬೆಚ್ಚನೆಯ ಹಗಲಿನಲ್ಲಿ ಮರಕ್ಕೆ ಹತ್ತಿಯ ಹಿಮ ಅಂಟಿಸುತ್ತಾರೆ, ಗೇಟಿನ ಸೆಕ್ಯುರಿಟಿಯವರಿಗೆ ಸಾಂಟಾನ ಕೆಂಪು ಟೋಪಿ ತೊಡಿಸುತ್ತಾರೆ, ಪಾಪ, ಅವರು ಅದರಲ್ಲೇ ಸೆಲ್ಯೂಟ್ ಹೊಡೆಯುತ್ತಾರೆ. ಒಂದು ವರ್ಷ ನಾನು ನಮ್ಮ ಮನೆಯ ಸಣ್ಣ ಗೋದಲಿಯನ್ನು, ಬಾಲಯೇಸು, ಮರಿಯ, ಜೋಸೆಫ್, ಎರಡು ಕುರಿ, ಇಷ್ಟನ್ನೇ, ಮರದ ಬುಡದಲ್ಲಿ ಇಡಲೇ ಎಂದು ಕೇಳಿದೆ. ‘ಬೇಡ ಸಾರ್, ಅದು ಧಾರ್ಮಿಕವಾಗಿಬಿಡುತ್ತದೆ’ ಎಂದರು. ಕ್ರಿಸ್ಮಸ್ಸಿಗೆ! ನನಗೆ ಕೋಪ ಬರಲಿಲ್ಲ, ನಗು ಬಂತು. ಆದರೆ ಅಂದಿನಿಂದ ಆ ಮರ ನಮ್ಮ ಹಬ್ಬದ್ದು ಎಂದು ನನಗೆ ಅನ್ನಿಸುವುದಿಲ್ಲ. ನಮ್ಮ ಹಬ್ಬ ಮನೆಯಲ್ಲಿ ಮಾಡುವ ಕ್ರಿಸ್ಮಸ್ ತಿಂಡಿಗಳಾದ ಕುಸ್ವಾರಿನಲ್ಲಿದೆ, 24ರ ರಾತ್ರಿಯ ಬಲಿಪೂಜೆಯಲ್ಲಿದೆ. ಹೌದು, ನಾವೂ ಅದನ್ನು ಪೂಜೆ ಎಂದೇ ಕರೆಯುತ್ತೇವೆ.

ಸುಗ್ಗಿಯೂ ದೇವರೂ ಒಟ್ಟಿಗೆ ಇರುವುದು ನಮಗೆ ಹೊಸದಲ್ಲ. ಸೆಪ್ಟೆಂಬರ್ 8ರ ಮೊಂತಿ ಫೆಸ್ಟಿನಲ್ಲಿ ಹೊಸ ಭತ್ತದ ತೆನೆಯನ್ನು ಚರ್ಚಿನಲ್ಲಿ ಆಶೀರ್ವದಿಸಿ ಮನೆಗೊಂದರಂತೆ ಕೊಡುತ್ತಾರೆ. ಅದರ ಕಾಳು ಸುಲಿದು, ಪುಡಿ ಮಾಡಿ, ಹಾಲಿಗೆ ಹಾಕಿ ಊಟಕ್ಕೆ ಮೊದಲು ಎಲ್ಲರೂ ಒಂದೊಂದು ಗುಟುಕು ಕುಡಿಯಬೇಕು. ಮಾತೆ ಮರಿಯಳ ಹುಟ್ಟುಹಬ್ಬವೂ ಅದೇ, ಹೊಸ ಅಕ್ಕಿಯ ಊಟವೂ ಅದೇ. ಅದರಿಂದ ಮರಿಯಳನ್ನು ತೆಗೆದು ‘ತೆನೆ ದಿನ’ ಎಂದು ಮಾಡಿ ಎಲ್ಲರನ್ನೂ ಕರೆಯಿರಿ ಎಂದು ಯಾರಾದರೂ ಹೇಳಿದರೆ ನನ್ನ ತಾಯಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಹಾಗಿರುವಾಗ ನನ್ನ ಸಲುವಾಗಿ ನಿಮ್ಮ ಸೂರ್ಯನನ್ನು ತೆಗೆಯಿರಿ ಎಂದು ನಾನು ಹೇಗೆ ಹೇಳಲಿ?

ಪತ್ರ ಬರೆದ ಮನೆಯವರ ಮಾತು ಮಾತ್ರ ನ್ಯಾಯವಾದದ್ದು. ಅವರು ಕೇಳಿದ್ದು ಹಣದ ಪ್ರಶ್ನೆ, ಸಭೆ ಉತ್ತರ ಕೊಟ್ಟಿದ್ದು ಹೆಸರಿನ ಪ್ರಶ್ನೆಗೆ. ಪೂಜೆಯ ಖರ್ಚನ್ನು ಪೂಜೆ ಬೇಕೆನ್ನುವವರು ಹಾಕಿಕೊಳ್ಳಲಿ, ಬಾರದವರನ್ನು ಏಕೆ ಬರಲಿಲ್ಲ ಎಂದು ಲಿಫ್ಟಿನಲ್ಲಿ ಕೇಳದಿರಲಿ. ಹಬ್ಬದ ಹೆಸರು ಸಂಕ್ರಾಂತಿ ಎಂದೇ ಇರಲಿ.

ಉತ್ತರ 6: ವೃತ್ತಿಯಿಂದ ವಕೀಲರೊಬ್ಬರಿಂದ

ಕಾನೂನಿನ ಮಾತನ್ನು ಬೇಗ ಮುಗಿಸುತ್ತೇನೆ. ಒಂದು ಧರ್ಮದ ಪೋಷಣೆಗೆಂದೇ ಮೀಸಲಾದ ತೆರಿಗೆಯನ್ನು ಕಟ್ಟುವಂತೆ ಯಾರನ್ನೂ ಬಲವಂತಪಡಿಸಬಾರದು ಎಂದು ಸಂವಿಧಾನದ 27ನೆಯ ವಿಧಿ ಹೇಳುತ್ತದೆ. ಅದು ತೆರಿಗೆಯ ಮಾತು, ಮೇಂಟೆನೆನ್ಸ್ ತೆರಿಗೆಯಲ್ಲ. ನಿಮ್ಮ ಸಂಘ 1972ರ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯಡಿ ಇರಲಿ, 1960ರ ಸಂಘಗಳ ನೋಂದಣಿ ಕಾಯ್ದೆಯಡಿ ಇರಲಿ, ಹಣವನ್ನು ಯಾವುದಕ್ಕೆ ಬಳಸಬಹುದೆಂದು ನಿಮ್ಮ ಬೈಲಾದಲ್ಲಿ ನೋಡಬೇಕು. ಮೇಲಿನವರು ಹೇಳಿದ ದಾರಿಗೆ ಯಾವ ಬೈಲಾವೂ ಅಡ್ಡ ಬರಲಾರದು.

ಗೋದಲಿಯ ಕಥೆ ಓದಿ ಹಳೆಯ ಪ್ರಕರಣವೊಂದು ನೆನಪಾಯಿತು. ಅಮೆರಿಕದ ರೋಡ್ ಐಲೆಂಡ್ ರಾಜ್ಯದ ಪಾಟಕೆಟ್ ನಗರಸಭೆ ಕ್ರಿಸ್ಮಸ್ ಪ್ರದರ್ಶನದಲ್ಲಿ ಸಾಂಟಾನ ಮನೆ, ಹಿಮಸಾರಂಗಗಳ ಜೊತೆಗೆ ಗೋದಲಿಯನ್ನೂ ಇಡುತ್ತಿತ್ತು. 1984ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಒಂದೇ ಮತದ ಬಹುಮತದಿಂದ ಅದನ್ನು ಊರ್ಜಿತಗೊಳಿಸಿತು. ಸುತ್ತಲಿನ ಸಾಮಾನುಗಳ ನಡುವೆ ನೋಡಿದರೆ ಗೋದಲಿಗೆ ಹಬ್ಬದ ಇತಿಹಾಸವನ್ನು ತೋರಿಸುವ ಲೌಕಿಕ ಉದ್ದೇಶವಿದೆ ಎಂಬುದು ಬಹುಮತದ ನಿಲುವು. ಭಿನ್ನಮತ ಬರೆದ ನ್ಯಾಯಮೂರ್ತಿ ಬ್ಲ್ಯಾಕ್‌ಮನ್ ಅವರಿಗೆ ನೋವಾದದ್ದು ಅದೇ: ಗೆದ್ದ ಗೋದಲಿ ತನ್ನ ಅರ್ಥವನ್ನು ಕಳೆದುಕೊಂಡು ಹಬ್ಬದ ಹಂಗಾಮಿನ ಅಲಂಕಾರವಾಗಿ ಉಳಿಯಿತು ಎಂದು.

ನೆರೆಯ ತಮಿಳುನಾಡಿನಲ್ಲಿ ಹಬ್ಬದ ಅರ್ಥವನ್ನು ವಿಧಾನಸಭೆಯೇ ಬರೆಯಲು ಹೋಯಿತು. ಪೊಂಗಲ್ ಬೀಳುವ ತೈ ತಿಂಗಳ ಮೊದಲ ದಿನವೇ ತಮಿಳು ಹೊಸ ವರ್ಷವೆಂದು 2008ರಲ್ಲಿ ಕಾನೂನು ಬಂದಿತು, 2011ರಲ್ಲಿ ಸರ್ಕಾರ ಬದಲಾದ ಮೇಲೆ ರದ್ದಾಗಿ ಹೊಸ ವರ್ಷ ಮತ್ತೆ ಏಪ್ರಿಲ್‌ನಲ್ಲಿ ಶುರುವಾಗುವ ಚಿತ್ತಿರೈ ತಿಂಗಳಿಗೆ ಹೋಯಿತು. ಎರಡೂ ಕಾಲದಲ್ಲಿ ಜನ ಪೊಂಗಲನ್ನು ಅದೇ ದಿನ, ಅದೇ ರೀತಿ ಉಕ್ಕಿಸಿದರು.

ಪ್ರಶ್ನೆ ಕೇಳಿದವರಿಂದ, ಒಂಬತ್ತು ದಿನಗಳ ನಂತರ

ಬರೆದವರೆಲ್ಲರಿಗೂ ಕೃತಜ್ಞತೆಗಳು. ಮೂಲ ಯಾವುದು ಎಂದು ಕೇಳಿದ್ದೆ. ಉಡುಪಿಯ, ವಿಜಯಪುರದ, ಮದ್ದೂರಿನ ಮೂಲಗಳು ಬೇರೆಬೇರೆ ಎಂದು ತಿಳಿದ ಮೇಲೆ ಆ ಪ್ರಶ್ನೆಯನ್ನು ಸಭೆಯ ಮುಂದಿಡುವುದನ್ನೇ ಬಿಟ್ಟೆ. ನೋಟಿಸು ಹೀಗೆ ಹೋಗಿದೆ: ‘ಮಕರ ಸಂಕ್ರಾಂತಿ. ಬೆಳಿಗ್ಗೆ 7ಕ್ಕೆ ಸೂರ್ಯಪೂಜೆ. ಇದನ್ನು ಆಸಕ್ತ ಮನೆಗಳು ತಮ್ಮ ಖರ್ಚಿನಲ್ಲಿ ನಡೆಸುತ್ತವೆ. 10ಕ್ಕೆ ಹುಗ್ಗಿ. ಸಂಜೆ 5ಕ್ಕೆ ಎಳ್ಳು ಬೀರುವುದು, ಹೆಂಗಸರು, ಗಂಡಸರು, ಮಕ್ಕಳು, ಎಲ್ಲರೂ.’ ಪೂಜೆಗೆ ಮೂವತ್ತೆರಡು ಮನೆಗಳು ಹಣ ಕೊಟ್ಟಿವೆ, ಪುರೋಹಿತರ ದಕ್ಷಿಣೆ ಕಳೆದು ಇನ್ನೂ ಉಳಿಯುತ್ತದೆ. ‘ಸುಗ್ಗಿ’ ಎಂಬ ಪದ ಎಲ್ಲಿಯೂ ಇಲ್ಲವೆಂದು ಒಬ್ಬ ಸದಸ್ಯರು ಬೇಸರಗೊಂ‌ಡಿದ್ದಾರೆ. ಅವರಿಗೆ ಮದ್ದೂರಿನವರ ಉತ್ತರವನ್ನು ಕಳುಹಿಸಿದ್ದೇನೆ.

ಇದಕ್ಕಿಂತ ಬಿಸಿಯಾದದ್ದು ಕುಂಕುಮದ ಬಟ್ಟಲಿನ ಚರ್ಚೆ. ಧಾರವಾಡದ ಮೇಡಂ ಅವರ ಮಾತನ್ನು ಸಭೆಯಲ್ಲಿ ಓದಿದಾಗ ಮೊದಲು ಯಾರೂ ಮಾತನಾಡಲಿಲ್ಲ, ಆಮೇಲೆ ಎಲ್ಲರೂ ಒಟ್ಟಿಗೆ ಮಾತನಾಡಿದರು. ಬಟ್ಟಲುಗಳನ್ನು ಬೇರೆ ಮೇಜಿನ ಮೇಲಿಟ್ಟು, ಬೇಕಾದವರು ತಾವೇ ಹಚ್ಚಿಕೊಳ್ಳಲಿ ಎಂದು ಒಂದು ಸಲಹೆ ಇದೆ. ಹಿರಿಯ ಹೆಂಗಸರಲ್ಲಿ ಇಬ್ಬರು ಇದಕ್ಕೆ ಒಪ್ಪಿಲ್ಲ. ಒಪ್ಪದವರಲ್ಲಿ ಒಬ್ಬರು ಸ್ವತಃ ವಿಧವೆ. ಅವರ ಮನೆಗೆ ನಾಳೆ ನಾನೂ ನನ್ನ ಹೆಂಡತಿಯೂ ಹೋಗುತ್ತಿದ್ದೇವೆ.

ಮದ್ದೂರಿನವರೇ, ನಿಮ್ಮ ಕರೆಗೆ ಬರಬೇಕೆಂಬ ಆಸೆ ಬಹಳ ಇದೆ. ನೀವು ಅಲ್ಲಿ ಕಿಚ್ಚು ಹಚ್ಚುವ ಹೊತ್ತಿಗೇ ನಾನು ಇಲ್ಲಿ ಎಳ್ಳಿನ ಪೊಟ್ಟಣ ಹಂಚುತ್ತಿರಬೇಕಾಗಿದೆ. ಹೆಚ್ಚಬೇಕಾದ ಅಚ್ಚು ಬೆಲ್ಲವೂ ಕೊಬ್ಬರಿಯೂ ನಮ್ಮ ಊಟದ ಮೇಜಿನ ಮೇಲೆ ಕೂತಿವೆ, ಇದುವರೆಗೆ ಅಡಕತ್ತರಿ ಹಿಡಿದು ಬಂದವರು ಇಬ್ಬರು.